ಬಾಡಿಗೆ ತಾಯ್ತನದ ಥ್ರಿಲ್ಲರ್ ಬರೆಯುತ್ತಿದ್ದೇನೆ, ಗೆಳತಿ ಮಗು ಹೊರಬಹುದಾ?

ಹಾಸನದವಳು:
ಎಲ್ಲರಿಗೂ ನಮಸ್ಕಾರ. ನನ್ನ ಕಾದಂಬರಿಯಲ್ಲಿ ಲತಾ, ಸುಮಾ ಅಂತ ಇಬ್ಬರು, ಹಳ್ಳಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು. ಲತಾಗೆ ಗರ್ಭಕೋಶ ತೆಗೆಸಿದ್ದಾರೆ. ಹತ್ತು ವರ್ಷ ಮಾತು ಬಿಟ್ಟಿದ್ದ ಸುಮಾ ಒಂದು ದಿನ ಬಾಗಿಲಿಗೆ ಬಂದು "ನಿನ್ನ ಮಗೂನ ನಾನು ಹೊರ್ತೀನಿ ಕಣೇ" ಅನ್ನುತ್ತಾಳೆ. ಯಾಕೆ ಬಂದಳು ಅನ್ನುವುದೇ ಕತೆ. ಎಂಬತ್ತು ಪುಟ ಆದ ಮೇಲೆ ನಮ್ಮ ಮನೆಯವರು ಓದಿ "ಅದಕ್ಕೆ ಸಂಬಂಧಿಕರೇ ಆಗಬೇಕಲ್ವಾ?" ಅಂದುಬಿಟ್ಟರು. ಎದೆ ಧಸಕ್ ಅಂತು. ಗೆಳತಿ ಆಗಲ್ವಾ? ಏಳನೇ ತಿಂಗಳಲ್ಲಿ ಸುಮಾ "ಮಗು ಕೊಡಲ್ಲ" ಅಂತ ಓಡಿಹೋಗುತ್ತಾಳೆ, ಇದಾದರೂ ನಡೆಯುತ್ತಾ?

ಕರಿಕೋಟು:
ಗೆಳತಿ ಆಗಬಹುದು ಮೇಡಂ. 2019ರ ಮಸೂದೆಯಲ್ಲಿ ಹತ್ತಿರದ ಸಂಬಂಧಿ ಅಂತ ಇತ್ತು, ಆಮೇಲೆ ಕೈಬಿಟ್ಟರು. 2022ರ ಜನವರಿ 25ರಿಂದ ಜಾರಿಯಲ್ಲಿರುವ ಕಾಯ್ದೆ ಕೇಳುವುದು ಮನಸ್ಸಿರುವ ಹೆಂಗಸನ್ನು, ಅಷ್ಟೇ. ಆದರೆ ಅವಳಿಗೆ ಮದುವೆ ಆಗಿರಬೇಕು, ಸ್ವಂತ ಮಗು ಇರಬೇಕು, ಭ್ರೂಣ ಇಡುವ ದಿನ ವಯಸ್ಸು 25ರಿಂದ 35ರ ಒಳಗಿರಬೇಕು. ಸುಮಾಗೆ ಎಷ್ಟು? ಆಸ್ಪತ್ರೆ ಖರ್ಚು, 36 ತಿಂಗಳ ವಿಮೆ ಇಂಥದ್ದು ಬಿಟ್ಟರೆ ದುಡ್ಡು ಕೊಡುವ ಹಾಗಿಲ್ಲ. (ಬಾಡಿಗೆ ನಿಂತರೂ ಹೆಸರು ಬಾಡಿಗೆ ತಾಯಿ ಅಂತಲೇ ಉಳಿದಿದೆ ನೋಡಿ.) ಇನ್ನು ಓಡಿಹೋಗುವುದು: ಒಪ್ಪಿಗೆ ವಾಪಸ್ ತಗೊಳ್ಳಲು ಅವಕಾಶ ಇರುವುದು ಭ್ರೂಣ ಇಡುವ ಮುಂಚೆ ಮಾತ್ರ. ಮಗು ಯಾರದು ಅಂತ ಮ್ಯಾಜಿಸ್ಟ್ರೇಟ್ ಆದೇಶ ಮೊದಲೇ ಆಗಿರುತ್ತೆ. ಓಡಬಹುದು, ಆದರೆ ಮಗು ಲತಾದೇ.

ಹಾಸನದವಳು:
ಸುಮಾಗೆ 37. ಮುಗೀತು ಕತೆ.

ನಿವೃತ್ತ ಮೇಷ್ಟ್ರು:
ಎಲ್ಲಿ ಮುಗೀತಮ್ಮ, ಈಗ ಶುರು! ವಯಸ್ಸು ಅಂದರೆ ಮಾರ್ಕ್ಸ್ ಕಾರ್ಡಿನ ವಯಸ್ಸು. ನಮ್ಮ ಕಾಲದಲ್ಲಿ ಅಪ್ಪಂದಿರು "ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ್ದು ಸಾ" ಅನ್ನೋರು, ನಾವು ಜೂನ್ 1 ಅಂತ ಬರೆದು, ವರ್ಷವನ್ನೂ ಒಂದನೇ ಕ್ಲಾಸಿಗೆ ಹೊಂದಿಸಿಬಿಡುತ್ತಿದ್ದೆವು. ಸುಮಾನ ಲೇಟಾಗಿ ಸೇರಿಸಿದ್ದಾರೆ ಅಂದುಕೋ. ಕಾಗದದಲ್ಲಿ 34. ಲತಾಗೆ ನಿಜ ಗೊತ್ತು, ಯಾಕೆಂದರೆ ಐದನೇ ಕ್ಲಾಸಿನಲ್ಲೇ ಸುಮಾ ದೊಡ್ಡವಳಾದಾಗ ಆರತಿಗೆ ಹೋಗಿದ್ದವಳು ಇವಳೇ ಅಲ್ವಾ. ಗೊತ್ತಿದ್ದೂ ಅರ್ಜಿಗೆ ಸಹಿ ಹಾಕಿದ್ದಾಳೆ.

ನೈಟ್ ಡ್ಯೂಟಿ:
ಮೇಷ್ಟ್ರೇ, ಮೈ ಜುಮ್ ಅಂತು. ನಾನು ನರ್ಸ್, ಒಂದು ಮಾತು ಹೇಳ್ತೀನಿ ಅಕ್ಕ. ಸುಮಾನ ಓಡಿಸಬೇಡಿ. ಲತಾ ಮನೆಯ ಹಿಂದಿನ ರೂಮಿನಲ್ಲೇ ಇರಲಿ. ಲತಾ ದಿನಾ ಮಾತ್ರೆ ಪಟ್ಟಿ ಎಣಿಸಲಿ, ಒಂದು ಜಾಸ್ತಿ ಉಳಿದಿರಲಿ. ಕೇಳೋಕೂ ಭಯ, ಸುಮ್ನೆ ಇರೋಕೂ ಭಯ. ಸ್ಕ್ಯಾನಿಂಗ್ ದಿನ ಡಾಕ್ಟರ್ ಎದುರಿಗೆ ಸುಮಾ ನಗುತ್ತಾ "ಲತಾ, ನನಗೆ ಈಗೆಷ್ಟು ವಯಸ್ಸೇ?" ಅನ್ನಲಿ.

ಹಾಸನದವಳು:
ಅಯ್ಯೋ ತಾಯಿ! ಎಂಬತ್ತು ಪುಟದಲ್ಲಿ ಐವತ್ತು ಹೋಯಿತು, ಹೋಗಲಿ. ಆರತಿ ತಟ್ಟೆಯಿಂದಲೇ ಶುರು ಮಾಡುತ್ತೇನೆ. ಮೇಷ್ಟ್ರೇ, ನನ್ನದೂ ಜೂನ್ 1.