ಬಾಂಬಿಗೆ ಬೀಳದ ಗುಮ್ಮಟ ಎರಡು ದಿನದ ಮೇಲೆ ಬಿದ್ದದ್ದೇಕೆ?

ಪ್ರಶ್ನೆ

ಜರ್ಮನಿಯ ಡ್ರೆಸ್ಡೆನ್‌ನ ಫ್ರೌವನ್‌ಕಿರ್ಷೆ ಚರ್ಚಿನ ಕಲ್ಲಿನ ಗುಮ್ಮಟ 1945ರ ಫೆಬ್ರವರಿ 13ರ ರಾತ್ರಿಯ ಬಾಂಬ್ ದಾಳಿಯಲ್ಲಿ ಬೀಳಲಿಲ್ಲ. ಕುಸಿದದ್ದು 15ರ ಬೆಳಿಗ್ಗೆ. ಕಲ್ಲೇನು ಉರಿಯುವುದಿಲ್ಲವಲ್ಲ, ಮತ್ತೆ ಹೀಗೇಕಾಯಿತು? ಇನ್ನೊಂದು ವಿಷಯ: ಯುದ್ಧ ಹತ್ತಿರ ಬಂದಾಗ ಹಳೆಯ ಚರ್ಚು, ಮಸೀದಿಗಳ ಸುತ್ತ ಮರಳು ಚೀಲ ಪೇರಿಸುತ್ತಾರಲ್ಲ, ಅದರಿಂದ ನಿಜಕ್ಕೂ ಉಪಯೋಗವಿದೆಯೇ?

ಉತ್ತರ 1

ಕಲ್ಲು ಉರಿಯುವುದಿಲ್ಲ, ಆದರೆ ಒಳಗಿನ ಮರ ಉರಿಯುತ್ತದೆ. ಅಲ್ಲಿ ಬೆಂಚು, ಉಪ್ಪರಿಗೆ ಎಲ್ಲವೂ ಮರದ್ದು. ಗುಮ್ಮಟದ ಭಾರವೆಲ್ಲ ಎಂಟು ಕಂಬಗಳ ಮೇಲಿತ್ತು, ಅವು ಮರಳುಗಲ್ಲಿನವು. ಮರಳುಗಲ್ಲಿನಲ್ಲಿ ಹೆಚ್ಚಿನ ಪಾಲು ಬೆಣಚು (ಕ್ವಾರ್ಟ್ಸ್) ಕಣ. 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರ ಹರಳಿನ ರಚನೆ ಬದಲಾಗಿ ಕಣ ಥಟ್ಟನೆ ಉಬ್ಬುತ್ತದೆ. ಕಂಬದ ಹೊರಮೈ ಕಾದು ಹಿಗ್ಗುತ್ತದೆ, ಒಳಗಿನ ಕಲ್ಲು ಇನ್ನೂ ತಣ್ಣಗಿರುತ್ತದೆ, ನಡುವೆ ಬಿರುಕು. ಹೊರಮೈ ಚಕ್ಕೆಚಕ್ಕೆಯಾಗಿ ಉದುರಿದಷ್ಟೂ ಕಂಬ ಸಣ್ಣದಾಗುತ್ತ ಹೋಗುತ್ತದೆ, ಮೇಲಿನ ಭಾರ ಮಾತ್ರ ಹಾಗೇ ಇರುತ್ತದೆ. ಒಂದು ಕಂಬ ಸೋತರೆ ಅದರ ಪಾಲಿನ ಹೊರೆ ಪಕ್ಕದ್ದಕ್ಕೆ. ಬೆಂಕಿ ಆರಿದ ಮಾತ್ರಕ್ಕೆ ಅಪಾಯ ಮುಗಿಯಿತು ಎಂದುಕೊಳ್ಳಬಾರದು.

ಸುಣ್ಣಗಲ್ಲಿನ ಕಥೆ ಬೇರೆ. 800 ಡಿಗ್ರಿಯ ಆಸುಪಾಸಿನಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಮಳೆ ಬಿದ್ದರೆ ಅರಳಿ ಪುಡಿಯಾಗುತ್ತದೆ. ಕಬ್ಬಿಣದ ಅಂಶವಿರುವ ಸುಣ್ಣಗಲ್ಲು 250–300 ಡಿಗ್ರಿಗೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಕೊರೆ ಹಾಕಿ, ಗುಲಾಬಿ ಎಷ್ಟು ಆಳದವರೆಗಿದೆ ಎಂದು ನೋಡಿದರೆ ಶಾಖ ಎಲ್ಲಿಯವರೆಗೆ ಇಳಿದಿದೆ ಎಂಬುದು ಗೊತ್ತಾಗುತ್ತದೆ.

ಉತ್ತರ 2

ಫ್ರಾನ್ಸಿನ ರೀಮ್ಸ್ ಕೆಥೆಡ್ರಲ್‌ನ್ನೂ ಇದರ ಜೊತೆ ನೋಡಿ. 1914ರ ಸೆಪ್ಟೆಂಬರ್ 19ರಂದು ಶೆಲ್‌ನಿಂದ ಮೊದಲು ಬೆಂಕಿ ಹತ್ತಿದ್ದು ಉತ್ತರದ ಗೋಪುರಕ್ಕೆ ರಿಪೇರಿಗೆಂದು ಕಟ್ಟಿದ್ದ ಮರದ ಸಾರುವೆಗೆ. ಅಲ್ಲಿಂದ ಚಾವಣಿಯ ತೊಲೆಗಳಿಗೆ. ಚಾವಣಿಗೆ ಹೊದಿಸಿದ ಸೀಸ 327 ಡಿಗ್ರಿಗೇ ಕರಗುವಂಥದ್ದು. ಮಳೆನೀರು ಉಗುಳಬೇಕಾದ ಕಲ್ಲಿನ ಮೃಗಗಳ ಬಾಯಿಂದ ಸೀಸ ಹರಿಯಿತು. ಯುದ್ಧದ ಮೇಲೆ ವಾಸ್ತುಶಿಲ್ಪಿ ಆನ್ರಿ ದೆನೊ ಮರದ ಬದಲು ಸಣ್ಣ ಸಣ್ಣ ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ಚಾವಣಿ ಕಟ್ಟಿದರು. ಹಾಗಾಗಿ ಯುದ್ಧದ ಭಯವಿದ್ದಾಗ ಮೊದಲ ಕೆಲಸ ಮರಳು ಚೀಲವಲ್ಲ: ಸಾರುವೆ ಬಿಚ್ಚಿ, ಅಟ್ಟದ ಕಸ, ಹಳೆ ಹಲಗೆ, ಬಣ್ಣದ ಡಬ್ಬ ತೆಗೆದು ಸಾಗಿಸಿ.

ಮರಳು ಚೀಲ ನೇರ ಬಿದ್ದ ಬಾಂಬನ್ನು ತಡೆಯುವುದಿಲ್ಲ. ಚೂರುಗಳನ್ನೂ ಸ್ಫೋಟದ ಗಾಳಿಯ ಹೊಡೆತವನ್ನೂ ತಡೆಯುತ್ತದೆ, ಅದೇ ದೊಡ್ಡದು. ಮಿಲಾನ್‌ನಲ್ಲಿ 1943ರ ಆಗಸ್ಟ್‌ನಲ್ಲಿ ಬಾಂಬ್ ಬಿದ್ದು ಸಾಂತಾ ಮಾರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಊಟದ ಸಾಲೆಯ ಚಾವಣಿಯೂ ಪಕ್ಕದ ಗೋಡೆಯೂ ಬಿದ್ದವು. ಲಿಯೊನಾರ್ಡೊನ ‘ಕೊನೆಯ ಭೋಜನ’ ಇದ್ದ ಗೋಡೆ ಚೀಲಗಳ ಮರೆಯಲ್ಲಿ ಉಳಿಯಿತು. ಎರಡು ಎಚ್ಚರಿಕೆ. ಚೀಲವನ್ನು ಕಲ್ಲಿಗೆ, ಚಿತ್ರಕ್ಕೆ ಒತ್ತಿ ಇಡಬೇಡಿ. ಗಾಳಿಯಾಡಲು ಜಾಗ ಬಿಟ್ಟು ಮರದ ಚೌಕಟ್ಟಿನ ಮೇಲೆ ಪೇರಿಸಿ, ಇಲ್ಲದಿದ್ದರೆ ತೇವ ಕಟ್ಟಿಕೊಂಡು ಬೂಸ್ಟು ಬರುತ್ತದೆ. ಸಮುದ್ರದ ಮರಳು ಬೇಡವೇ ಬೇಡ, ಅದರ ಉಪ್ಪು ಕಲ್ಲಿನೊಳಗೆ ಇಳಿದು ಹರಳುಗಟ್ಟಿ ಮೇಲ್ಮೈಯನ್ನು ಎಬ್ಬಿಸುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದ. ಬಣ್ಣದ ಗಾಜಿನ ಕಿಟಕಿಗಳನ್ನು ಏನು ಮಾಡುತ್ತಾರೆ?

ಉತ್ತರ 3

ಸಮಯವಿದ್ದರೆ ಬಿಚ್ಚುವುದೇ ಸರಿ. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನಲ್ಲಿ 1918ರಲ್ಲಿ ಒಮ್ಮೆ, 1939ರಲ್ಲಿ ಮತ್ತೊಮ್ಮೆ ಹಾಗೆ ಮಾಡಿದರು. 12–13ನೇ ಶತಮಾನದ ಆ ಗಾಜಿನ ನೀಲಿ ಬೆಳಕು ಇವತ್ತಿಗೂ ನೆಲದ ಮೇಲೆ ಬೀಳುತ್ತಿದೆ ಎಂದರೆ ಆ ಕೆಲಸಗಾರರ ತಾಳ್ಮೆಯಿಂದ. ಮೊದಲು ಕಿಟಕಿಯ ಪೂರ್ತಿ ನಕ್ಷೆ, ಫೋಟೊ. ಪ್ರತಿ ಫಲಕಕ್ಕೂ ನಂಬರು, ಅದೇ ನಂಬರು ಪೆಟ್ಟಿಗೆಗೂ. ನಂಬರು ಕೆಳಗಿನಿಂದ ಮೇಲಕ್ಕೋ ಮೇಲಿನಿಂದ ಕೆಳಕ್ಕೋ ಎಂಬುದನ್ನು ಮೊದಲೇ ಬರೆದಿಡಿ. ಜೋಡಿಸುವಾಗ ಗೊಂದಲವಾಗುವುದು ಇಲ್ಲೇ. ಫಲಕವನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿಯೇ ಇಡಬೇಕು. ಮಲಗಿಸಿದರೆ ಗಾಜಿನ ತುಂಡುಗಳನ್ನು ಜೋಡಿಸುವ ಸೀಸದ ಪಟ್ಟಿ ಜಗ್ಗಿ ಗಾಜು ಒಡೆಯುತ್ತದೆ.

ಬಿಚ್ಚಲು ಆಗದಿದ್ದರೆ ಹೊರಗಿನಿಂದ ತಗಡು ಮುಚ್ಚಬಹುದು, 2022ರಲ್ಲಿ ಉಕ್ರೇನಿನ ಲ್ವಿವ್‌ನಲ್ಲಿ ಮಾಡಿದಂತೆ. ಮೊಳೆಗಳನ್ನು ಹಳೆಯ ಕಲ್ಲಿಗೆ ಹೊಡೆಯದೆ ಬೇರೆ ಚೌಕಟ್ಟಿಗೆ ಕಟ್ಟಿ.

ಉತ್ತರ 4

ಒಂದು ಮಾತು ಬಿಟ್ಟುಹೋಗಿದೆ, ನನ್ನ ಲೆಕ್ಕದಲ್ಲಿ ಇದೇ ಮುಖ್ಯ: ಕಟ್ಟಡದ ಒಳಗೆ ಏನಿಟ್ಟಿದ್ದಾರೆ ಎಂಬುದು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ದೇವಾಲಯ, ಚರ್ಚು, ಮಸೀದಿಯಾಗಿ ನಿಂತಿದ್ದ ಅಥೆನ್ಸಿನ ಪಾರ್ಥೆನಾನ್ 1687ರ ಸೆಪ್ಟೆಂಬರ್ 26ರಂದು ಸಿಡಿದದ್ದು ವೆನಿಸ್‌ನವರ ಒಂದು ಗುಂಡಿಗೆ, ಏಕೆಂದರೆ ಒಳಗೆ ಒಟೊಮನ್ ಸೈನ್ಯ ಸಿಡಿಮದ್ದು ತುಂಬಿತ್ತು. ಯುದ್ಧದಲ್ಲಿ ಸಾಂಸ್ಕೃತಿಕ ಆಸ್ತಿಯನ್ನು ಕಾಪಾಡುವ 1954ರ ಹೇಗ್ ಒಪ್ಪಂದದ ನಾಲ್ಕನೆಯ ವಿಧಿ ಎರಡೂ ಕಡೆಯವರನ್ನು ಕಟ್ಟುತ್ತದೆ: ಇಂಥ ಕಟ್ಟಡದ ಮೇಲೆ ದಾಳಿಯೂ ಬೇಡ, ಅದನ್ನು ಹಾನಿಗೆ ಒಡ್ಡುವಂತೆ ಬಳಸುವುದೂ ಬೇಡ. ‘ಅನಿವಾರ್ಯ ಸೈನಿಕ ಅಗತ್ಯ’ ಎಂಬ ವಿನಾಯಿತಿ ಅಲ್ಲೇ ಇದೆ, ಅದೇ ಅದರ ದೊಡ್ಡ ಕೊರತೆ. ಆ ಒಪ್ಪಂದದ ರಕ್ಷಣಾ ಚಿಹ್ನೆಯಾದ ನೀಲಿ-ಬಿಳಿ ಗುರಾಣಿಯ ಗುರುತು ಹಾಕಿದ ಚಾವಣಿಯ ಮೇಲೆ ಸೈನ್ಯದ ವೀಕ್ಷಣಾ ಠಾಣೆ ಇದ್ದರೆ ಗುರುತಿಗೆ ಬೆಲೆ ಉಳಿಯುವುದಿಲ್ಲ.

ಬಿದ್ದ ಮೇಲೆ: ಕಲ್ಲುರಾಶಿಯನ್ನು ಬುಲ್ಡೋಜರ್‌ನಿಂದ ಎತ್ತಬೇಡಿ. ನೆಲಕ್ಕೆ ಚೌಕಗಳನ್ನು ಗುರುತಿಸಿ, ಯಾವ ಕಲ್ಲು ಯಾವ ಚೌಕದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಎಂದು ಬರೆಯಿರಿ. ಬಿದ್ದ ಜಾಗವೇ ಅದು ಗೋಡೆಯಲ್ಲಿ ಎಲ್ಲಿತ್ತು ಎಂಬುದನ್ನು ಹೇಳುತ್ತದೆ. ಫ್ರೌವನ್‌ಕಿರ್ಷೆಯ ರಾಶಿಯನ್ನು 1993ರಿಂದ ಹೀಗೇ ಬಿಡಿಸಿದರು. 2005ರಲ್ಲಿ ಮತ್ತೆ ತೆರೆದ ಚರ್ಚಿನ ಗೋಡೆಗಳಲ್ಲಿ ಹೊಸ ತಿಳಿಬಣ್ಣದ ಕಲ್ಲುಗಳ ನಡುವೆ ಕಪ್ಪಗೆ ಕಾಣುವವು ಆ ಹಳೆಯ ಕಲ್ಲುಗಳು.