ಪಡುವಣ ಗೋಡೆಯ ಕಿಟಕಿ: ಯು ವ್ಯಾಲ್ಯೂ ನೋಡಬೇಕಾ, ಎಸ್‌ಎಚ್‌ಜಿಸಿ ನೋಡಬೇಕಾ?

ಹೊಸಮನೆ: ಪಡುವಣ ಗೋಡೆಗೆ ನಾಲ್ಕು ಚದರ ಮೀಟರಿನ ಕಿಟಕಿ ಬರುತ್ತಿದೆ. ಒಂದು ಕೊಟೇಶನ್‌ನಲ್ಲಿ ಯು (ಒಳಗೂ ಹೊರಗೂ ತಾಪ ಬೇರೆ ಇದ್ದಾಗ ಕಿಟಕಿ ದಾಟುವ ಶಾಖದ ಅಳತೆ) 1.1, ಎಸ್‌ಎಚ್‌ಜಿಸಿ (ಬಿಸಿಲಿನ ಶಾಖದಲ್ಲಿ ಒಳಗೆ ಬರುವ ಪಾಲು) 0.60. ಇನ್ನೊಂದರಲ್ಲಿ ಯು 1.6, ಎಸ್‌ಎಚ್‌ಜಿಸಿ 0.28. ಎರಡೂ ಡಬಲ್ ಗ್ಲಾಸ್, ಲೋ-ಇ (ಶಾಖ ತಡೆಯುವ ತೆಳು ಲೇಪ) ಇದೆ. ನಮ್ಮಲ್ಲಿ ಸೆಕೆ ಜಾಸ್ತಿ. ಹಾಕಿಸಿದವರು ಅನುಭವ ಹೇಳಿ.

ಸಂಜೆಬಿಸಿಲು: ನಾನು ಇದೇ 1.1 ನೋಡಿ ಮರುಳಾದವನು. ಯು ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ಮಾರುವವರು ಹೇಳಿದರು, ನಾನೂ ತಲೆಯಾಡಿಸಿದೆ. ಮಧ್ಯಾಹ್ನ ಮೂರರಿಂದ ಆ ಕೋಣೆಗೆ ಕಾಲಿಡಲು ಆಗುತ್ತಿರಲಿಲ್ಲ. ಈಗ ಲೆಕ್ಕ ಬಾಯಿಪಾಠ. ನಿಮ್ಮಷ್ಟೇ ಗಾಜು, ಚದರ ಮೀಟರಿಗೆ 600 ವ್ಯಾಟ್ ಬಿಸಿಲು. 0.60 ಆದರೆ ಒಳಗೆ 1440 ವ್ಯಾಟ್. 0.28 ಆದರೆ 672. ಹೊರಗೂ ಒಳಗೂ ಹತ್ತು ಡಿಗ್ರಿ ವ್ಯತ್ಯಾಸ ಇದ್ದಾಗ ಯು 1.6ರ ಬದಲು 1.1 ಹಾಕಿ ಉಳಿಯುವುದು ಬರೀ 20 ವ್ಯಾಟ್! ಸಜ್ಜಾ ಇತ್ತು, ಉಪಯೋಗವಾಗಲಿಲ್ಲ. ಸಂಜೆಯ ಬಿಸಿಲು ಓರೆಯಾಗಿ ಅದರ ಕೆಳಗಿನಿಂದಲೇ ನುಗ್ಗುತ್ತದೆ.

ಆಮೇಲೆ ಒಳಗಡೆ ಸನ್ ಫಿಲ್ಮ್ ಅಂಟಿಸಿದೆ. ಮೂರನೇ ವಾರಕ್ಕೆ ಗಾಜು ಅಂಚಿನಿಂದ ಸೀಳಿತು. ಫಿಲ್ಮ್ ಬಿಸಿಲು ಹೀರಿ ಗಾಜಿನ ನಡು ಕಾದಿತ್ತು, ಚೌಕಟ್ಟಿನೊಳಗಿನ ಅಂಚು ತಣ್ಣಗಿತ್ತು. ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆಗಿರಲಿಲ್ಲ. ಫಿಲ್ಮ್ ಹಾಕಿದ್ದೀರಿ, ವಾರಂಟಿ ಇಲ್ಲ ಎಂದರು. ಹೊಸ ಗಾಜು ಬರಲು 26 ದಿನ. ಅಲ್ಲಿವರೆಗೆ ಪ್ಲೈವುಡ್ ಹಲಗೆ ಹೊಡೆದು, ಹಗಲೂ ದೀಪ ಹಾಕಿಕೊಂಡು ಇದ್ದೆವು. ಫಿಲ್ಮ್, ಗಾಜು, ಅಟ್ಟಣೆ, ಕೂಲಿ ಎಲ್ಲ ಸೇರಿ ಮೊದಲ ಕಿಟಕಿಯ ಅರ್ಧ ಹಣ ಮತ್ತೆ ಹೋಯಿತು.

ಮಂಜಿನಸೀಮೆ: ಸುಮ್ನೆ ಹೆದರಿಸಬೇಡಿ ಸರ್. ನನ್ನದೂ 0.60. ಚಳಿಗಾಲದ ಬಿಸಿಲು ಒಳಗೆ ಬರಲಿ ಎಂದೇ ಹಾಕಿಸಿದ್ದು. ಹಗಲು ಹೀಟರ್ ಹಚ್ಚುವುದೇ ಇಲ್ಲ. ನನಗೆ ಪೆಟ್ಟು ಕೊಟ್ಟಿದ್ದು ಚೌಕಟ್ಟು. ಗಾಜು 1.1 ಎಂದು ಬರೆದುಕೊಟ್ಟರು. ಅದು ಗಾಜಿನ ನಡುಭಾಗದ ಲೆಕ್ಕ. ಚೌಕಟ್ಟೋ, ನಡುವೆ ಶಾಖ ತಡೆಯುವ ಪಾಲಿಅಮೈಡ್ (ಪ್ಲಾಸ್ಟಿಕ್) ಪಟ್ಟಿ ಇಲ್ಲದ ಬರೀ ಅಲ್ಯೂಮಿನಿಯಂ, ಎರಡು ಗಾಜನ್ನು ಬಿಡಿಸಿಡುವ ಅಂಚಿನ ಸ್ಪೇಸರ್ ಕೂಡ ಅಲ್ಯೂಮಿನಿಯಂ. ಪೂರ್ತಿ ಕಿಟಕಿಯ ಯು ಲೆಕ್ಕ ಹಾಕಿದರೆ 2.5! ದಿನಾ ಬೆಳಿಗ್ಗೆ ಚೌಕಟ್ಟು ಬೆವರಿ ನೀರು ಇಳಿಯುತ್ತಿತ್ತು. ಮೊದಲ ಚಳಿಗಾಲಕ್ಕೆ ಕೆಳಗಿನ ಹಲಗೆ ಉಬ್ಬಿತು, ಪರದೆಯ ಅಂಚಿಗೆ ಬೂಷ್ಟು ಹಿಡಿಯಿತು. ಎರಡನೇ ಚಳಿಗಾಲಕ್ಕೆ ಚೌಕಟ್ಟು ಕಿತ್ತು ಮರದ್ದು ಹಾಕಿಸಿದೆ. ಮರದ್ದೇ ಮೇಲು, ಬರೆದಿಟ್ಟುಕೊಳ್ಳಿ.

ಸಂಜೆಬಿಸಿಲು: ಕೇಳಿದವರು ಸೆಕೆ ಜಾಸ್ತಿ ಎಂದು ಬರೆದಿದ್ದಾರೆ. ಓದಿದಿರಾ? ನಿಮ್ಮ ಚಳಿಯ ಲೆಕ್ಕ ಅವರಿಗೆ ಯಾಕೆ?

ಮಂಜಿನಸೀಮೆ: ಓದಿಯೇ ಬರೆದಿದ್ದೇನೆ. ಕೊಟೇಶನ್‌ನ ಯು ಗಾಜಿನದೋ ಪೂರ್ತಿ ಕಿಟಕಿಯದೋ ಎಂದು ಎಲ್ಲರೂ ಕೇಳಲೇಬೇಕು. ಅದು ನಿಮಗೂ ಗೊತ್ತಿರಲಿಲ್ಲ ಅಲ್ವಾ?

ತೇವದಗಾಜು: ಮರ ಮೇಲು ಅನ್ನುವವರು ಐದು ವರ್ಷ ಬಿಟ್ಟು ಬನ್ನಿ. ಮಳೆಗಾಲದಲ್ಲಿ ಶಟರ್ ಉಬ್ಬಿ ಹಾಕಲೂ ಬಾರದು, ತೆಗೆಯಲೂ ಬಾರದು. ನಾನು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಹಾಕಿಸಿದ್ದೇನೆ, ಚೌಕಟ್ಟು ಇವತ್ತಿಗೂ ಸರಿ ಇದೆ. ಕೆಟ್ಟಿದ್ದು ಗಾಜು. ಕೆಳಪಟ್ಟಿಯಲ್ಲಿ ನೀರು ಹೋಗುವ ತೂತು ಇರುತ್ತವಲ್ಲ, ಫಿಟ್ಟಿಂಗ್‌ನವರು ಅವಕ್ಕೂ ಸಿಲಿಕೋನ್ ತುಂಬಿದ್ದರು. ನೀರು ಒಳಗೇ ನಿಂತು ಗಾಜಿನ ಅಂಚಿನ ಸೀಲ್ ನೆನೆಯಿತು. ಎರಡೇ ವರ್ಷದಲ್ಲಿ ಎರಡು ಗಾಜಿನ ನಡುವೆ ಮಂಜು. ಸ್ಪೇಸರ್‌ನೊಳಗಿನ ತೇವ ಹೀರುವ ಕಾಳು ತುಂಬಿಹೋದ ಮೇಲೆ ಏನೂ ಮಾಡಲಾಗದು. ಗಾಜಿನ ನಡುವೆ ತುಂಬಿದ ಆರ್ಗಾನ್ ಅನಿಲ ಕೂಡ ಅದೇ ದಾರಿಯಲ್ಲಿ ಹೋಗಿರುತ್ತದೆ. ಆರು ಕಿಟಕಿಯಲ್ಲಿ ನಾಲ್ಕಕ್ಕೆ ಗಾಜು ಬದಲಾಯಿಸಿದೆ. ಒಂದೊಂದೂ ಬೇರೆ ಅಳತೆ, ಟಫನ್ಡ್ ಆದ್ದರಿಂದ ಕೊಯ್ಯಲೂ ಬರುವುದಿಲ್ಲ. ಎರಡು ಮಿಲಿಮೀಟರ್ ದೊಡ್ಡದಾಗಿ ಬಂದ ಒಂದನ್ನು ವಾಪಸ್ ಕಳಿಸಿ ಮತ್ತೆ ಮೂರು ವಾರ ಕಾದೆ.

ಮಂಜಿನಸೀಮೆ: ಅದು ಫಿಟ್ಟಿಂಗ್ ತಪ್ಪು. ಮರವನ್ನು ಯಾಕೆ ಬೈಯುತ್ತೀರಿ? ನನ್ನ ಶಟರ್ ಒಂದೂ ಉಬ್ಬಿಲ್ಲ.

ತೇವದಗಾಜು: ನಿಮ್ಮದು ಹಾಕಿ ಎಷ್ಟು ವರ್ಷ ಆಯಿತು, ಅದನ್ನು ಹೇಳಿ ಮೊದಲು.

ಹೊಸಮನೆ: ದಯವಿಟ್ಟು ಒಂದು ಮಾತು. 0.28 ಹಾಕಿಸಿದರೆ ಕೋಣೆ ಕತ್ತಲಾಗುತ್ತದಾ?

ಸಂಜೆಬಿಸಿಲು: ಬೆಳಕಿಗೆ ಬೇರೆ ಅಂಕಿ ಇದೆ, ವಿಎಲ್‌ಟಿ ಎಂದು, ಬೆಳಕಿನಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದು. 0.28 ಎಸ್‌ಎಚ್‌ಜಿಸಿ ಇದ್ದೂ ವಿಎಲ್‌ಟಿ 0.60 ಇರುವ ಗಾಜು ಸಿಗುತ್ತದೆ. ಬರೀ ಕಪ್ಪು ಬಣ್ಣದ ಗಾಜು ಕೊಟ್ಟು ಅಂಕಿ ಇಳಿಸಿದ್ದರೆ ಮಾತ್ರ ಕತ್ತಲು. ನಾನು ಎರಡನೇ ಸಲ ಆ ಅಂಕಿ ಕೇಳಿಯೇ ತಂದೆ. ಲೋ-ಇ ಲೇಪ ಎರಡನೇ ಮೈ ಮೇಲೆ ಇದೆಯಾ ಎಂದೂ ನೋಡಿ. ಎರಡು ಗಾಜಿಗೆ ನಾಲ್ಕು ಮೈ, ಹೊರಗಿನಿಂದ ಎಣಿಸಬೇಕು. ಒಳಗೆ ನಿಂತು ಲೈಟರ್ ಉರಿ ಹಿಡಿದರೆ ನಾಲ್ಕು ಉರಿ ಕಾಣುತ್ತವೆ. ಬಣ್ಣ ಬೇರೆ ಇರುವುದು ನಿಮ್ಮ ಕಡೆಯಿಂದ ಮೂರನೆಯದಾಗಿರಬೇಕು.

ಮಂಜಿನಸೀಮೆ: ಚಳಿಯ ಕಡೆಯವರಿಗೆ ಲೇಪ ಮೂರನೇ ಮೈ ಮೇಲೆ. ಅದನ್ನೂ ಬರೆಯಿರಿ.

ಸಂಜೆಬಿಸಿಲು: ಕೇಳಿದವರು ಚಳಿಯವರಲ್ಲ!

ತೇವದಗಾಜು: ಮರದ ವರ್ಷ ಎಷ್ಟು ಎಂದು ಕೇಳಿದ್ದೆ. ಇನ್ನೂ ಉತ್ತರ ಬಂದಿಲ್ಲ.

ಹೊಸಮನೆ: ಎರಡನೇ ಕೊಟೇಶನ್‌ನವರ ಸ್ಯಾಂಪಲ್‌ಗೆ ಲೈಟರ್ ಹಿಡಿದು ನೋಡಿದೆ. ಮೂರನೇ ಉರಿ ಕೆಂಪಾಗಿ ಕಂಡಿತು. ವಿಎಲ್‌ಟಿ ಬರೆದು ಕೊಡಿ ಎಂದು ಕೇಳಿದ್ದೇನೆ. ಚೌಕಟ್ಟು ಇನ್ನೂ ತೀರ್ಮಾನವಾಗಿಲ್ಲ.