ಥೈರಾಯ್ಡ್ ಕ್ಯಾನ್ಸರ್: ಪ್ಲಾಸ್ಮಾದ ವೆಸಿಕಲ್‌ಗಳಲ್ಲಿ ಮಿರ್-146ಬಿ ವ್ಯತ್ಯಾಸ ಯಾಕೆ ಕಾಣುತ್ತಿಲ್ಲ?

ಪ್ರಶ್ನೆ
ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್ ಇರುವವರ ಮತ್ತು ಕ್ಯಾನ್ಸರ್ ಅಲ್ಲದ ಗಂಟು ಇರುವವರ ಪ್ಲಾಸ್ಮಾದಲ್ಲಿ, ಎಕ್ಸೋಸೋಮ್‌ಗಳೊಳಗಿನ (ಜೀವಕೋಶಗಳು ಹೊರಬಿಡುವ ಸಣ್ಣ ಚೀಲಗಳು, ಅಂದರೆ ವೆಸಿಕಲ್‌ಗಳು) ಮಿರ್-146ಬಿ-5ಪಿ ಎಂಬ ಮೈಕ್ರೊಆರ್‌ಎನ್‌ಎ (ಚಿಕ್ಕ ಆರ್‌ಎನ್‌ಎ ತುಣುಕು) ಅಳೆಯುತ್ತಿದ್ದೇವೆ. ಗಡ್ಡೆಯ ಅಂಗಾಂಶದಲ್ಲಿ ಅದು ಎದ್ದು ಕಾಣುತ್ತದೆ, ಪ್ಲಾಸ್ಮಾದಲ್ಲಿ ಎರಡೂ ಗುಂಪು ಒಂದೇ. ಸೆಂಟ್ರಿಫ್ಯೂಜ್‌ನಲ್ಲಿ 2,000 ಜಿಯಲ್ಲಿ (ಗುರುತ್ವದ 2,000 ಪಟ್ಟು ಬಲ) ಒಂದು ಸುತ್ತು, ನಂತರ ಫ್ರೀಜರ್, ಆಮೇಲೆ ವೆಸಿಕಲ್‌ಗಳನ್ನು ತಳಕ್ಕಿಳಿಸುವ ಪಾಲಿಮರ್ ಕಿಟ್. ಎನ್‌ಟಿಎಯಲ್ಲಿ (ಕಣಗಳನ್ನು ಎಣಿಸುವ ವಿಧಾನ) ಕಣಗಳು ಬೇಕಾದಷ್ಟಿವೆ, ಬ್ಲಾಟ್‌ನಲ್ಲಿ (ಪ್ರೋಟೀನ್ ಗುರುತಿಸುವ ಪರೀಕ್ಷೆ) ವೆಸಿಕಲ್ ಗುರುತಿನ ಪ್ರೋಟೀನ್ ಸಿಡಿ63ರ ಬ್ಯಾಂಡ್ ಮಾತ್ರ ಮಸುಕು.

ಉತ್ತರ 1
ಆ ಕಣಗಳಲ್ಲಿ ಹೆಚ್ಚಿನವು ಲಿಪೊಪ್ರೋಟೀನ್ (ರಕ್ತದಲ್ಲಿ ಕೊಬ್ಬು ಸಾಗಿಸುವ ಕಣ). ಪಾಲಿಮರ್ ಕಿಟ್ ಅಲ್ಬುಮಿನ್ ಸಮೇತ ಸಿಕ್ಕಿದ್ದನ್ನೆಲ್ಲ ಎಳೆದು ತರುತ್ತದೆ, ಎನ್‌ಟಿಎಗೆ ಯಾವುದು ಏನೆಂದು ಗೊತ್ತಾಗುವುದಿಲ್ಲ. ಬ್ಲಾಟ್‌ನಲ್ಲಿ ಲಿಪೊಪ್ರೋಟೀನ್‌ನ ಗುರುತಾದ ಎಪೊಬಿ ಹಾಕಿ ನೋಡಿ.

ಅದಕ್ಕಿಂತ ಮುಖ್ಯ, ಫ್ರೀಜರ್‌ಗೆ ಹೋಗುವ ಮುಂಚೆ ಪ್ಲೇಟ್‌ಲೆಟ್ ತೆಗೆಯಬೇಕು. 2,500 ಜಿ, 15 ನಿಮಿಷ, ಎರಡು ಸಲ, ತಳದ ಪ್ಲಾಸ್ಮಾ ಮುಟ್ಟದೆ. ಉಳಿದ ಪ್ಲೇಟ್‌ಲೆಟ್‌ಗಳು ಸ್ಯಾಂಪಲ್ ಕರಗುವಾಗ ಒಡೆದು ತಮ್ಮದೇ ವೆಸಿಕಲ್, ತಮ್ಮದೇ ಆರ್‌ಎನ್‌ಎ ಸುರಿಯುತ್ತವೆ. ಆಮೇಲೆ ಯಾವ ಕಿಟ್ಟೂ ಅದನ್ನು ಸರಿಮಾಡಲಾರದು. ವೆಸಿಕಲ್ ಬೇರ್ಪಡಿಸಲು 10 ಮಿಲಿ ಸೆಫರೋಸ್ ಸಿಎಲ್-2ಬಿ ಕಾಲಮ್‌ಗೆ (ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಕೊಳವೆ) ಅರ್ಧ ಮಿಲಿ ಪ್ಲಾಸ್ಮಾ ಹಾಕಿ. ಲಿಪೊಪ್ರೋಟೀನ್‌ಗಳಲ್ಲಿ ಒಂದಾದ ಎಲ್‌ಡಿಎಲ್ ಸ್ವಲ್ಪ ಜೊತೆಗೇ ಬರುತ್ತದೆ, ಅದಕ್ಕೆ ಸಾಂದ್ರತೆಯ ಪ್ರಕಾರ ಬೇರ್ಪಡಿಸುವ ಅಯೋಡಿಕ್ಸನಾಲ್ ಗ್ರೇಡಿಯಂಟ್ ಬೇಕು.

ಉತ್ತರ 2
ಗ್ರೇಡಿಯಂಟ್ ಎಲ್ಲ ಸ್ಯಾಂಪಲ್‌ಗೆ ಬೇಡ, ಇರುವ ಚೂರು ಆರ್‌ಎನ್‌ಎಯೂ ಹೋದೀತು. ನಾಲ್ಕೈದರಲ್ಲಿ ಮಾಡಿ ನೋಡಿದರೆ ಸಾಕು.

ನನ್ನ ಅನುಮಾನ ಪ್ರೈಮರ್ (ಪಿಸಿಆರ್‌ನಲ್ಲಿ ಗುರಿಯನ್ನು ಹಿಡಿಯುವ ತುಣುಕು) ಮೇಲೆ. ಮಿರ್-146ಎ ಮತ್ತು 146ಬಿ ನಡುವೆ 3' ತುದಿಯ ಹತ್ತಿರ ಎರಡೇ ನ್ಯೂಕ್ಲಿಯೊಟೈಡ್ ವ್ಯತ್ಯಾಸ, ರಕ್ತಕಣಗಳಲ್ಲಿ 146ಎ ಧಾರಾಳ. ಸಿಂಥೆಟಿಕ್ 146ಎ ಮಾತ್ರ ಹಾಕಿ ನಿಮ್ಮ 146ಬಿ ಅಸ್ಸೇ ಓಡಿಸಿ. ಸಿಗ್ನಲ್ ಬಂದರೆ ಅಲ್ಲೇ ಉತ್ತರ ಸಿಕ್ಕಿತು. ಹಿಮೊಲೈಸಿಸ್ (ಕೆಂಪು ರಕ್ತಕಣ ಒಡೆಯುವುದು) ಆಗಿದೆಯೇ ಎಂದು ತಿಳಿಯಲು ಮಿರ್-23ಎ ಸಿಕ್ಯೂನಿಂದ (ಪಿಸಿಆರ್ ಸಿಗ್ನಲ್ ಕಾಣಿಸುವ ಸುತ್ತಿನ ಸಂಖ್ಯೆ) ಮಿರ್-451ಎ ಸಿಕ್ಯೂ ಕಳೆಯಿರಿ, 7 ದಾಟಿದ್ದನ್ನು ಬಿಟ್ಟುಬಿಡಿ. ಹೆಪಾರಿನ್ ಟ್ಯೂಬ್ ಆಗಿದ್ದರೆ ಪಿಸಿಆರ್ ಹೇಗೂ ಕೈಕೊಡುತ್ತದೆ.

ಉತ್ತರ 3
ಮಿರ್-146ಬಿ ವೆಸಿಕಲ್ ಒಳಗೇ ಇದೆ ಅನ್ನುವುದಕ್ಕೆ ಏನು ಆಧಾರ? ಪ್ಲಾಸ್ಮಾದ ಮಿರ್‌ಗಳಲ್ಲಿ ಬಹುಪಾಲು ಆರ್ಗೊನಾಟ್-2 ಎಂಬ ಪ್ರೋಟೀನ್‌ಗೆ ಅಂಟಿಕೊಂಡು ಹೊರಗೇ ಇರುತ್ತವೆ. ಪ್ರೋಟೀನ್ ಕತ್ತರಿಸುವ ಪ್ರೋಟಿನೇಸ್ ಕೆ ಕೊಟ್ಟು ನಂತರ ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ಎ ಕೊಡಿ, ಹೋಲಿಕೆಗೆ ಇನ್ನೊಂದು ಟ್ಯೂಬ್‌ಗೆ ಮೊದಲು ವೆಸಿಕಲ್ ಒಡೆಯುವ ಟ್ರೈಟಾನ್. ನಡುವೆ ಪ್ರೋಟಿನೇಸ್ ನಿಲ್ಲಿಸುವ ಪಿಎಂಎಸ್‌ಎಫ್ ಹಾಕಲು ಮರೆತರೆ ಪ್ರೋಟಿನೇಸ್ ಆ ಆರ್‌ಎನ್‌ಏಸನ್ನೂ ತಿಂದುಹಾಕುತ್ತದೆ. ಆಗ ಎಲ್ಲವೂ ಒಳಗೇ ಇದ್ದಂತೆ ಕಾಣುತ್ತದೆ.

ಇನ್ನು ಸಣ್ಣ ಗಡ್ಡೆಯ ಪಾಲು ಇಡೀ ರಕ್ತದಲ್ಲಿ ಎಷ್ಟಿದ್ದೀತು? ಗುಂಪು-ಗುಂಪು ಹೋಲಿಸುವುದಕ್ಕಿಂತ ಅದೇ ರೋಗಿಯ ಶಸ್ತ್ರಚಿಕಿತ್ಸೆಯ ಮುಂಚಿನ, ನಂತರದ ಸ್ಯಾಂಪಲ್ ಜೋಡಿ ಹೆಚ್ಚು ಹೇಳುತ್ತದೆ.

ಪ್ರಶ್ನೆ ಕೇಳಿದವರು
ಟ್ಯೂಬ್ ಹೆಪಾರಿನ್ ಅಲ್ಲ, ಇಡಿಟಿಎ. 146ಎ ಪರೀಕ್ಷೆಯಿಂದಲೇ ಶುರು ಮಾಡುತ್ತೇವೆ. ಹಳೇ ಸ್ಯಾಂಪಲ್ ಕರಗಿಸಿದ ಮೇಲೆ 2,500 ಜಿ ಕೊಟ್ಟರೆ ಆದೀತೇ?

ಉತ್ತರ 1
ಇಲ್ಲ. ಅಷ್ಟೊತ್ತಿಗೆ ಒಡೆದಾಗಿರುತ್ತದೆ. ಪ್ಲೇಟ್‌ಲೆಟ್ ಗುರುತಾದ ಸಿಡಿ41 ನೋಡಿ, ಜೋರಾಗಿದ್ದರೆ ಆ ಬ್ಯಾಚ್ ಪಕ್ಕಕ್ಕಿಡಿ.